ಬಾಗಿದ ಅಣು, ಮಳೆ ರಜೆ

ಮಡಿಕೇರಿಯಲ್ಲಿ ಜುಲೈ ತಿಂಗಳ ಕೆಮಿಸ್ಟ್ರಿ ಟೆಸ್ಟ್ ಎಂದರೆ ಮಕ್ಕಳು ಪುಸ್ತಕಕ್ಕಿಂತ ಜಿಲ್ಲಾಧಿಕಾರಿಗಳ ರಜೆ ಆದೇಶವನ್ನೇ ಶ್ರದ್ಧೆಯಿಂದ ಓದುತ್ತಾರೆ. ನಮ್ಮ ಪಿಯುಸಿ ಮೊಮ್ಮಗಳೂ ಅಷ್ಟೇ. ಬಂಧಕೋನ ಮೀಥೇನಿಗೆ 109.5 ಡಿಗ್ರಿ, ಅಮೋನಿಯಾಕ್ಕೆ 107, ನೀರಿಗೆ 104.5 ಎಂದು ಜಪ ಬೇರೆ.

ನೀರಿಗೇಕೆ ಕಮ್ಮಿ? ಆಕ್ಸಿಜನ್ ಬಳಿ ಯಾವ ಬಂಧಕ್ಕೂ ಸೇರದ ಎರಡು ಎಲೆಕ್ಟ್ರಾನ್ ಜೋಡಿಗಳಿವೆ. ಕಾಫಿ ತೋಟಕ್ಕೆ ನುಗ್ಗಿದ ಸಲಗಗಳಂತೆ ಅವು ಜಾಗ ಹಿಡಿದು, ಹೈಡ್ರೋಜನ್‌ಗಳನ್ನು ಮೂಲೆಗೆ ಒತ್ತುತ್ತವೆ. ಅಣು ಬಾಗುತ್ತದೆ, ಬಾಗಿದ್ದಕ್ಕೇ ಧ್ರುವೀಯ. ಹೈಡ್ರೋಜನ್ ಬಂಧದಿಂದ ಅಣುಗಳು ಒಂದನ್ನೊಂದು ಹಿಡಿದುಕೊಂಡು, ಅನಿಲವಾಗಿ ಹಾರಿಹೋಗದೆ ಭಾಗಮಂಡಲದಲ್ಲಿ ಧೋ ಎಂದು ಸುರಿಯುತ್ತವೆ. (ಕಾರ್ಬನ್ ಡೈಆಕ್ಸೈಡ್ ನೆಟ್ಟಗಿದೆ. ಯಾರಿಗಾದರೂ ರಜೆ ಕೊಡಿಸಿದೆಯೇ?)

"ಅಂದ್ರೆ ತಾತ, ನೀರೂ ನೆಟ್ಟಗಿದ್ದಿದ್ರೆ ಮಳೆ ರಜೆನೇ ಇರ್ತಿರ್ಲಿಲ್ವಾ?"

ಹೌದೆಂದೆ. ಆಕ್ಸಿಜನ್ ಮೇಲೆ ಅವಳಿಗೆ ಅಷ್ಟು ಗೌರವ ಹಿಂದೆಂದೂ ಕಂಡಿರಲಿಲ್ಲ.