ಸಾಹಿತಿಗೆ ಷಡ್ಡಕನಾಗಿ

ಬೆಂಗಳೂರಿನ ಬಸವನಗುಡಿ, ಮೈಸೂರಿನ ಕುವೆಂಪುನಗರ, ಶಿವಮೊಗ್ಗದ ವಿನೋಬನಗರ, ಎಲ್ಲಿಗೆ ಬೇಕಾದರೂ ಹೋಗಿ, ನಾಲ್ಕು ರಸ್ತೆಗೆ ಒಬ್ಬರಂತೆ ಸಂಸಾರಸ್ಥ ಸಾಹಿತಿಗಳು ಸಿಗುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಹಗಲೆಲ್ಲ ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ಕೆಲಸ. ಹೆಗಲಿಗೆ ಖಾದಿ ಚೀಲ, ಚೀಲದಲ್ಲಿ ಟಿಫಿನ್ ಡಬ್ಬಿ, ಡಬ್ಬಿಯ ಕೆಳಗೆ ಹುಳಿಯ ಕಲೆಯಾದ ಕರಡು. ‘ಹೊಸದೇನು ಬರೀತಿದೀರಿ?’ ಎಂದು ಕೇಳಿ ನೋಡಿ. ಒಂದು ಗಳಿಗೆ ಆಕಾಶ ದಿಟ್ಟಿಸಿ, ‘ಎಲ್ಲಿ ಸ್ವಾಮಿ, ಸಂಸಾರ ಬರೆಯೋಕೆ ಬಿಡಬೇಕಲ್ಲ’ ಎನ್ನುತ್ತಾರೆ. ಈ ಉತ್ತರ ಬಂತೋ, ಅಸಲಿ ಮಾಲು.

ಇಂಥವರೊಬ್ಬರಿಗೆ ನಾನು ಷಡ್ಡಕ. ಅವರ ಹೆಂಡತಿಯ ತಂಗಿ ನನ್ನ ಹೆಂಡತಿ. ಸಾಹಿತಿಗೆ ಮಿತ್ರನಾಗಿದ್ದರೆ ದೂರವಾಗಬಹುದು, ಅಭಿಮಾನಿಯಾಗಿದ್ದರೆ ಬೇರೆ ಸಾಹಿತಿಯನ್ನು ಹುಡುಕಿಕೊಳ್ಳಬಹುದು. ಷಡ್ಡಕತನಕ್ಕೆ ರಾಜೀನಾಮೆ ಇಲ್ಲ.

ಭಾವ ಬೆಳಗಿನ ನಾಲ್ಕಕ್ಕೇ ಏಳುತ್ತಾರೆ. ಬ್ರಾಹ್ಮೀ ಮುಹೂರ್ತದಲ್ಲಿ ಸರಸ್ವತಿ ಮನೆಮನೆ ಸುತ್ತುತ್ತಾಳೆಂಬುದು ಅವರ ನಂಬಿಕೆ. ಆದರೆ ಕಾಫಿಯಿಲ್ಲದೆ ಸರಸ್ವತಿಯನ್ನು ಎದುರುಗೊಳ್ಳುವುದು ಅವರಿಂದಾಗದು. ಡಿಕಾಕ್ಷನ್ ತಯಾರಿರುತ್ತದೆ, ಹಿಂದಿನ ರಾತ್ರಿಯೇ ಅತ್ತಿಗೆ ಫಿಲ್ಟರಿಗೆ ಪುಡಿ ಹಾಕಿಟ್ಟಿರುತ್ತಾರೆ. ಹಾಲು ಬರುವುದು ಐದೂವರೆಗೆ. ಅಲ್ಲಿಯವರೆಗೆ ಪೆನ್ನಿಗೆ ಇಂಕು ತುಂಬುವುದು, ಪರೀಕ್ಷೆಯ ಪ್ಯಾಡಿಗೆ ಹಾಳೆ ಸಿಕ್ಕಿಸುವುದು. ಹಾಳೆ ಎಂದರೆ ಒಂದು ಮಗ್ಗುಲು ಅಚ್ಚಾಗಿರುವ ಆಫೀಸಿನ ರದ್ದಿ. ಹೊಸ ಬಿಳಿ ಹಾಳೆ ಕಂಡರೆ ಅವರಿಗೆ ಕೈ ನಡುಗುತ್ತದಂತೆ. ಹಾಲು ಬಂದು, ಕಾಫಿಯಾಗಿ, ಮೊದಲ ವಾಕ್ಯ ಅರ್ಧಕ್ಕೆ ಬರುವಷ್ಟರಲ್ಲಿ ‘ರೀ, ನೀರು ಬಂತು, ಮೋಟಾರ್ ಹಾಕಿ!’ ಕಾವೇರಿ ನೀರು ಅವರ ಬೀದಿಗೆ ದಿನ ಬಿಟ್ಟು ದಿನ ಬರುವುದರಿಂದ ಕಾದಂಬರಿಯೂ ದಿನ ಬಿಟ್ಟು ದಿನ ನಡೆಯುತ್ತದೆ. ಆರಕ್ಕೆ ಮಗಳ ಪಿಯುಸಿ ಟ್ಯೂಷನ್ನು, ಆರೂಕಾಲಕ್ಕೆ ಕುಕ್ಕರು, ಆರೂವರೆಗೆ ಮಗನ ಕಳೆದುಹೋದ ಒಂದು ಕಾಲುಚೀಲ. ಸರಸ್ವತಿ ಆ ಹೊತ್ತಿಗೆ ಪಕ್ಕದ ಬೀದಿಗೆ ದಾಟಿರುತ್ತಾಳೆ.

‘ಕುವೆಂಪು ಅವರಿಗೆ ಉದಯರವಿಯಂಥ ಮನೆಯಿತ್ತು. ಕಾರಂತರಿಗೆ ಪುತ್ತೂರಿನ ಬಾಲವನ, ತೇಜಸ್ವಿಗೆ ಮೂಡಿಗೆರೆಯ ತೋಟ. ನನಗೇನಿದೆ? ಈ ಊಟದ ಮೇಜಿನ ಒಂದು ಮೂಲೆ’ ಎಂದು ಭಾವ ಆಗಾಗ ನಿಟ್ಟುಸಿರು ಬಿಡುತ್ತಾರೆ. ಅತ್ತಿಗೆ ಸುಮ್ಮನಿರುವವರಲ್ಲ. ಮದುವೆಗೆ ಮುಂಚೆ ಗ್ರಂಥಾಲಯದ ಕಪಾಟುಗಳನ್ನು ಖಾಲಿ ಮಾಡಿದ ಓದುಗಿತ್ತಿ ಅವರು. ‘ಕಾರಂತರು 1936ರಷ್ಟು ಹಿಂದೆಯೇ ಊರ ಮಕ್ಕಳಿಗೆಲ್ಲ ಮೂರು ಸಂಪುಟ ಬಾಲಪ್ರಪಂಚ ಬರೆದುಕೊಟ್ರು. ನೀವು ನಿಮ್ಮ ಮಗನ ಡೈರಿಗೆ ಒಂದು ಸಹಿ ಹಾಕಿ ಸಾಕು’ ಎನ್ನುತ್ತಾರೆ. ಮಾಸ್ತಿಯವರನ್ನೂ ಬಿಡುವುದಿಲ್ಲ. ಮೈಸೂರು ಸರ್ಕಾರದಲ್ಲಿ ದೊಡ್ಡ ಹುದ್ದೆ, ಆರು ಜನ ಹೆಣ್ಣುಮಕ್ಕಳು, ನೂರಕ್ಕೂ ಮೇಲೆ ಪುಸ್ತಕ. ‘ಸಂಸಾರ ಬಿಡಬೇಕಲ್ಲ ಅಂತ ಅವರು ಎಲ್ಲಾದರೂ ಬರೆದಿದ್ದರೆ ತೋರಿಸಿ.’ ಭಾವ ಯೋಚಿಸಿ, ‘ಆಗ ವಾಟ್ಸಾಪ್ ಇರಲಿಲ್ಲ’ ಎಂದರು. ಈ ಮಾತನ್ನು ಹೇಳುವಾಗಲೂ ಕಥೆಗಾರರ ಬಳಗವೆಂಬ ಗುಂಪಿಗೆ ಹುಟ್ಟುಹಬ್ಬದ ಶುಭಾಶಯ ಕಳಿಸುತ್ತಲೇ ಇದ್ದರು.

ಒಮ್ಮೆ ಎಲ್ಲರೂ ಸೇರಿ ಅವರ ಆಸೆ ನೆರವೇರಿಸಿದೆವು. ಸಕಲೇಶಪುರದ ಕಡೆ ಒಂದು ಹೋಂಸ್ಟೇ. ಮಳೆ, ಕಾಫಿತೋಟ, ಜೀರುಂಡೆ. ಹೆಂಡತಿಯಿಲ್ಲ, ಮೋಟಾರಿಲ್ಲ, ಕಾಲುಚೀಲವಿಲ್ಲ. ಹೇಳಿದ ವಾರ ಮುಗಿಯುವ ಮೊದಲೇ ಭಾವ ವಾಪಸು ಬಂದರು. ಜಿಗಣೆ ಕಾಟ ಎಂದರು. ನಿಜ ಸಂಗತಿ ಆಮೇಲೆ ಹೊರಬಿತ್ತು. ದಿನಾ ಸಂಜೆ ಮನೆಗೆ ಫೋನು ಮಾಡಿ, ‘ಇವತ್ತೇನಾಯ್ತು?’ ಎಂದು ಕೇಳುತ್ತಿದ್ದರಂತೆ. ಕೆಳಗಿನ ಮನೆಯವರಿಗೂ ಎದುರು ಮನೆಯವರಿಗೂ ತೆಂಗಿನ ಗರಿ ಯಾರ ಕಾಂಪೌಂಡಿಗೆ ಬಿತ್ತು ಎಂಬುದರ ಮೇಲೆ ನಡೆದ ಜಗಳವನ್ನು ಅತ್ತಿಗೆ ದಿನಕ್ಕೊಂದು ಕಂತಿನಂತೆ ಹೇಳಿದ್ದರು. ಆ ಮಲೆನಾಡಿನಲ್ಲಿ ಕೂತು ಭಾವ ಬರೆದದ್ದು ಆ ಗರಿಯ ಕಥೆಯೊಂದನ್ನೇ. ಪ್ರಕಟವಾಯಿತು, ಜನ ಮೆಚ್ಚಿಕೊಂಡರು. ಸಂದರ್ಶನವೊಂದರಲ್ಲಿ ಭಾವ, ‘ಏಕಾಂತದ ಫಲ’ ಎಂದರು.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಭಾವ ಕೆಟ್ಟ ಲೇಖಕರಲ್ಲ. ಮನೆಯಲ್ಲಿ ಕೇಳಿದ್ದನ್ನು ಬರೆದಾಗ ಚೆನ್ನಾಗಿ ಬರೆಯುತ್ತಾರೆ. ‘ಮನುಷ್ಯನ ಅಸ್ತಿತ್ವದ ಒಂಟಿತನ’ಕ್ಕೆ ಕೈ ಹಾಕಿದಾಗ ಮಾತ್ರ ಓದುವವನಿಗೂ ಒಂಟಿತನ ಬರುತ್ತದೆ. ಅವರ ಆಸ್ತಿಯೆಲ್ಲ ಇರುವುದು ಆ ಗದ್ದಲದಲ್ಲಿ, ಅವರ ದೂರೆಲ್ಲ ಇರುವುದೂ ಅದರ ಮೇಲೆಯೇ.

ಈ ಆಸ್ತಿಗೆ ವಾರಸುದಾರರು ನಾವು. ಬಂಧುಗಳೆಲ್ಲ ಒಬ್ಬೊಬ್ಬರಾಗಿ ಅಚ್ಚಾಗಿದ್ದೇವೆ. ಸೋದರತ್ತೆ ನಿಧನರಾದ ತಿಂಗಳಲ್ಲೇ ಕಥೆಯಾದರು. ನಮ್ಮ ಅತ್ತೆಯವರು ಒಂದು ನೀಳ್ಗತೆ ಓದಿದ ಮೇಲೆ ಹಿರಿಯ ಮಗಳ ಮನೆಗೆ ಬರುವುದನ್ನು ನಿಲ್ಲಿಸಿ ನಮ್ಮ ಮನೆಯಲ್ಲೇ ಉಳಿದುಕೊಂಡಿದ್ದಾರೆ. ಸಾಹಿತ್ಯದಿಂದ ನನಗಾದ ನೇರ ಪರಿಣಾಮ ಇದು. ನಾನಂತೂ ಒಂದು ಕಾದಂಬರಿಯಲ್ಲಿ ಜಿಪುಣ ಷಡ್ಡಕನಾಗಿ ಹದಿನಾಲ್ಕು ಅಧ್ಯಾಯ ಓಡಾಡಿದ್ದೇನೆ. ಅದೇ ಬಜಾಜ್ ಸ್ಕೂಟರು, ಹೋಟೆಲಿನಲ್ಲಿ ಬಿಲ್ಲು ಬರುವ ಹೊತ್ತಿಗೆ ಕೈ ತೊಳೆಯಲು ಹೋಗುವ ಅದೇ ಅಭ್ಯಾಸ. ಕೇಳಿದೆ. ಭಾವ ನನ್ನ ಹೆಗಲ ಮೇಲೆ ಕೈಯಿಟ್ಟು, ‘ಅದು ನೀವಲ್ಲ, ಅದು ಮಧ್ಯಮವರ್ಗ’ ಎಂದರು.

ಇದು ಅವರೊಬ್ಬರ ರೋಗವೇನೂ ಅಲ್ಲ. ಜಾನಕಿ ಎಂಬ ಹೆಣ್ಣುಮಗಳು ‘ಸುಧಾ’ ವಾರಪತ್ರಿಕೆಗೆ ಒಂದು ಕಥೆ ಕಳಿಸಿ, ಅದರಲ್ಲಿ ನಿಜ ಜೀವನದ ಸಂಗತಿಯಿದೆಯಲ್ಲ ಎಂದು ಅಳುಕಿ, ಅಚ್ಚು ಹಾಕಬೇಡಿ ಎಂದು ಕೇಳಿಕೊಂಡರಂತೆ. ಸಂಪಾದಕರು ಕಥೆ ಬಿಡಲಿಲ್ಲ, ಹೆಸರು ಬದಲಿಸಿ ಹಾಕಿದರು. ಕನ್ನಡಕ್ಕೆ ವೈದೇಹಿ ಸಿಕ್ಕಿದ್ದು ಹಾಗೆ. ಆದರೆ ಅವರಿಗೆ ಅಳುಕಾದರೂ ಇತ್ತು. ನಮ್ಮ ಭಾವನ ಮನೆಯಲ್ಲಿ ಅಳುಕುವವರು ಉಳಿದವರು. ಗಂಡ ಹೆಂಡಿರ ಮಾತು ಸ್ವಲ್ಪ ಏರಿದರೆ ಮಗಳು, ‘ಅಮ್ಮಾ, ಅಪ್ಪ ಪೆನ್ನು ತಗೊಂಡ್ರು’ ಎಂದು ಎಚ್ಚರಿಸುತ್ತಾಳೆ. ಕೂಡಲೇ ಮನೆ ಶಾಂತವಾಗುತ್ತದೆ. ಮದುವೆ ಉಳಿಯಲು ಇದೂ ಒಂದು ದಾರಿ.

ಕರಡು ಮೊದಲು ಹೋಗುವುದು ಅಡುಗೆಮನೆಗೆ. ಹುರುಳಿಕಾಯಿಯ ನಾರು ತೆಗೆಯುತ್ತಾ ಅತ್ತಿಗೆ ಓದುತ್ತಾರೆ. ನಾರು ಎಲ್ಲೆಲ್ಲಿದೆಯೋ ಅಲ್ಲಲ್ಲೇ ಕೈ ನಿಲ್ಲುತ್ತದೆ.

‘ರೀ, ಈ ಹೆಂಗಸು ಬೆಳಗ್ಗೆ ಎದ್ದು ಕಿಟಕೀಲಿ ಸೂರ್ಯೋದಯ ನೋಡ್ತಾ ಅರ್ಧ ಪುಟ ನಿಂತಿದಾಳಲ್ಲ, ಒಲೆ ಮೇಲಿನ ಹಾಲು ಯಾರು ನೋಡ್ಕೋತಾರೆ?’

‘ಅದು ಸಾಂಕೇತಿಕ ಕಣೇ.’

‘ಸಾಂಕೇತಿಕ ಹಾಲೂ ಉಕ್ಕುತ್ತೆ.’

ಭಾವ ಮುನಿಸಿಕೊಂಡು ಒಂದು ಸುತ್ತು ವಾಕಿಂಗ್ ಹೋಗಿ ಬಂದು ಸೂರ್ಯೋದಯ ಹೊಡೆದುಹಾಕಿದರು. ದೀಪಾವಳಿ ಕಥಾಸ್ಪರ್ಧೆಯಲ್ಲಿ ಆ ಕಥೆಗೆ ಮೆಚ್ಚುಗೆ ಬಹುಮಾನ ಬಂತು. ಬಹುಮಾನದ ದಿನ ಮಾತಾಡುತ್ತಾ ಭಾವ ಕೃತಜ್ಞತೆ ಹೇಳಿದ್ದು ನಿಸರ್ಗಕ್ಕೆ.

ಅತ್ತಿಗೆಗೆ ಇದರಿಂದ ಬೇಸರವೇನಿಲ್ಲ. ಅವರಿಗೆ ಬೇಸರವಿರುವುದು ಪದ್ಯದ ಬಗ್ಗೆ. 1942ರಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಬಂದಾಗಿನಿಂದ ಕನ್ನಡ ಕವಿಗಳ ಹೆಂಡತಿಯರಿಗೆ ಒಂದು ನಿರೀಕ್ಷೆ ಹುಟ್ಟಿದೆ. ಮದುವೆಯ ಇಪ್ಪತ್ತನೇ ವರ್ಷಕ್ಕೆ ಭಾವನೂ ಒಂದು ದಾಂಪತ್ಯಗೀತೆ ಬರೆದು ಕೈಗಿತ್ತರು. ಅತ್ತಿಗೆ ಎರಡು ಸಲ ಓದಿದರು. ‘ಚೆನ್ನಾಗಿದೆ. ಸೀರೆ ಎಲ್ಲಿ?’ ಎಂದರು. ಮೊದಲ ಸಂಕಲನದ ಅರ್ಪಣೆ ಪುಟದಲ್ಲಿ ‘ನನ್ನ ಮೌನವನ್ನು ಸಹಿಸಿದ ಮನದನ್ನೆಗೆ’ ಎಂದಿದೆ. ‘ಮೌನ ಯಾವತ್ತು ಇತ್ತು?’ ಎಂದು ಇವತ್ತಿಗೂ ಹುಡುಕುತ್ತಿದ್ದಾರೆ.

ಮಕ್ಕಳಿಗೂ ಸಾಹಿತಿ ತಂದೆಯಿಂದ ಲಾಭವಾಗಿದೆ ಎನ್ನಲಾರೆ. ಮಗನ ಶಾಲೆಯಲ್ಲಿ ‘ಮಳೆಗಾಲ’ದ ಬಗ್ಗೆ ಪ್ರಬಂಧ ಕೊಟ್ಟಿದ್ದರು. ಭಾನುವಾರ ಪೂರ್ತಿ ಕೂತು ಭಾವ ಹೇಳಿ ಬರೆಸಿದರು. ಹತ್ತಕ್ಕೆ ನಾಲ್ಕು ಅಂಕ ಬಂತು. ಕೆಂಪು ಶಾಯಿಯಲ್ಲಿ ‘ವಿಷಯಾಂತರ. ವಾಕ್ಯಗಳು ಉದ್ದ’ ಎಂಬ ಷರಾ. ಭಾವ ಎರಡು ದಿನ ಮಾತು ಬಿಟ್ಟರು. ಅವರ ಜೀವನದಲ್ಲಿ ಬಂದ ಅತ್ಯಂತ ಪ್ರಾಮಾಣಿಕ ವಿಮರ್ಶೆ ಅದೇ ಎಂದು ನಾನು ನಂಬಿದ್ದೇನೆ, ಆದರೆ ಹೇಳಿಲ್ಲ. ಹೇಳಿದರೆ ಮುಂದಿನ ಕಾದಂಬರಿಯಲ್ಲೂ ನನಗೆ ಜಾಗವಿದೆ.

ಸಂಸಾರ ಬಿಡುವುದಿಲ್ಲ ಎಂಬ ಪಲ್ಲವಿ ಜೋರಾದಾಗ ಅತ್ತಿಗೆ ಎತ್ತುವ ಹೆಸರುಗಳು ಎರಡು. ತ್ರಿವೇಣಿ, ಎಂ.ಕೆ. ಇಂದಿರಾ. ತ್ರಿವೇಣಿ ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅಷ್ಟರಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದಿದ್ದರು. ಅದೇ ವರ್ಷ ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಬಂತು. ಆಗ ಅವರಿಗೆ ನಲವತ್ತೈದು ದಾಟಿತ್ತು. ಇಷ್ಟು ಹೇಳಿ ಅತ್ತಿಗೆ ಮುಂದೆ ಮಾತು ಬೆಳೆಸುವುದಿಲ್ಲ. ಈಚೆಗೆ ರಾಜೇಶ್ವರಿ ತೇಜಸ್ವಿಯವರ ‘ನನ್ನ ತೇಜಸ್ವಿ’ಯನ್ನು ಎರಡನೇ ಸಲ ಓದುತ್ತಿದ್ದಾರೆ, ಕೈಯಲ್ಲಿ ಪೆನ್ಸಿಲ್ಲಿದೆ. ಭಾವ ಅಂದಿನಿಂದ ಬೆಳಿಗ್ಗೆ ತಾವಾಗಿಯೇ ಮೋಟಾರು ಹಾಕುತ್ತಿದ್ದಾರೆ.

ಸದ್ಯಕ್ಕೆ ಅತ್ತಿಗೆ ಬರೆಯುತ್ತಿರುವುದು ಲೆಕ್ಕದ ಪುಸ್ತಕವೊಂದನ್ನೇ. ಹಾಲು, ಪೇಪರು, ಇಸ್ತ್ರಿ, ಕೊನೆಗೆ ‘ಸಾಹಿತ್ಯ’. ಖರ್ಚಿನ ಕಡೆ: ಡಿಟಿಪಿ, ಮುಖಪುಟದ ಕಲಾವಿದರು, ಮುನ್ನುಡಿ ಬರೆದ ಹಿರಿಯರ ಮನೆಗೆ ಹೋಗಿಬರುವ ಆಟೋ, ಸಭಾಂಗಣದ ಬಾಡಿಗೆ, ಖಾರಾಭಾತು-ಕೇಸರಿಭಾತು. ಜಮೆಯ ಕಡೆ: ಪತ್ರಿಕೆಯ ಸಂಭಾವನೆಯ ಚೆಕ್ಕು, ಒಂದಿಷ್ಟು ಶಾಲು, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿಟ್ಟ ನೆನಪಿನ ಕಾಣಿಕೆ. ಶಾಲುಗಳು ಬೇರೆ ಮನೆಯ ಗೃಹಪ್ರವೇಶಕ್ಕೆ ದಾಟಿಹೋಗುತ್ತವೆ. ಹಣ್ಣಿನ ಬುಟ್ಟಿಯ ಮೇಲಿನ ಹಳದಿ ಕಾಗದ ತೆಗೆದರೆ ಮೇಲೊಂದು ಸೇಬು, ಅಡಿಯಲ್ಲಿ ಮೂಸಂಬಿ, ಅದರ ಅಡಿಯಲ್ಲಿ ಬರೀ ಹುಲ್ಲು. ನೆನಪಿನ ಕಾಣಿಕೆ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಭಾವನ ಹೆಸರು ಕೆತ್ತಿಸಿಟ್ಟಿರುತ್ತಾರೆ. ಇಷ್ಟೆಲ್ಲ ಆದರೂ ಖರ್ಚಿನ ಕಡೆಯ ಒಂದು ಬಾಬತ್ತಿಗೂ ಅತ್ತಿಗೆ ಇದುವರೆಗೆ ತಕರಾರು ಮಾಡಿದ್ದನ್ನು ಕಂಡಿಲ್ಲ. ಕೇಳಿದರೆ, ‘ಇಸ್ಪೀಟಾಡೋದಕ್ಕಿಂತ ವಾಸಿ’ ಎನ್ನುತ್ತಾರೆ.

ಹಿಂದೆ ಗಳಗನಾಥರು ತಮ್ಮ ಪುಸ್ತಕದ ಹೊರೆಯನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಭಾವ ಈ ಸಂಗತಿಯನ್ನು ಗದ್ಗದಿತರಾಗಿ ಹೇಳುತ್ತಾರೆ. ಹೇಳಿ ಮುಗಿಸಿ ಕಟ್ಟುಗಳನ್ನು ನನ್ನ ಸ್ಕೂಟರಿಗೆ ಏರಿಸುತ್ತಾರೆ. ಅವರ ಮಂಚದ ಕೆಳಗೆ ಜಾಗ ಮುಗಿದಿದೆ. ಈಗ ನಮ್ಮ ಮಂಚದ ಕೆಳಗೂ ಎರಡು ಕಾದಂಬರಿ, ಒಂದು ಲಲಿತಪ್ರಬಂಧ ಸಂಕಲನ ಇದೆ. ಅತ್ತೆಯವರ ಟ್ರಂಕು ವರಾಂಡಕ್ಕೆ ಬಂದಿದೆ. ‘ಅಳಿಯಂದಿರೇ, ಅವರು ಬರೆಯೋದನ್ನ ನಿಲ್ಲಿಸಲ್ವೇ?’ ಎಂದು ಅವರು ಕೇಳಿದಾಗ ನಾನು ಸತ್ಯವನ್ನೇ ಹೇಳಿದೆ: ಮೊಮ್ಮಗಳ ಮದುವೆಯಾಗಿ, ಮೊಮ್ಮಗ ಕೆಲಸಕ್ಕೆ ಹೋಗಿ, ಆ ಮನೆ ಪೂರ್ತಿ ನಿಶ್ಶಬ್ದವಾದರೆ ನಿಲ್ಲಬಹುದು.

ಹೊಸ ಕಾದಂಬರಿ ಬರುವ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಬಿಡುಗಡೆ. ಅಧ್ಯಕ್ಷರು ತಡವಾಗಿ ಬರುತ್ತಾರೆ, ಆದ್ದರಿಂದ ನೀವು ಹನ್ನೊಂದಕ್ಕೆ ಬಂದರೂ ಆದೀತು. ತಿಂಡಿ ಮೊದಲೇ ಕೊಡುತ್ತಾರೆ. ತಿಂದು ಹಾಗೆಯೇ ಹೋಗಬೇಡಿ, ಗೌರವಪ್ರತಿಯನ್ನಂತೂ ಕೇಳಲೇಬೇಡಿ. ಬಾಗಿಲ ಬಳಿ ಮೇಜು ಹಾಕಿಕೊಂಡು ಕೂತಿರುವ ಜಿಪುಣ ನಾನೇ. ಶೇಕಡಾ ಇಪ್ಪತ್ತು ರಿಯಾಯಿತಿ ಇದೆ. ಚಿಲ್ಲರೆ ಇಲ್ಲದಿದ್ದರೆ ಫೋನ್‌ಪೇ ಆಗುತ್ತದೆ.