ತಂಗಳಿಗೂ ಮರ್ಯಾದೆ ಉಂಟು

ಮಲೆನಾಡಿನ ಮನೆಗಳಲ್ಲಿ ಅನ್ನ ತಾನಾಗಿ ಮಿಗುವುದಿಲ್ಲ, ಮಿಗಿಸುತ್ತಾರೆ. ಚಾರ್ಮಾಡಿ ಘಾಟಿ ಹತ್ತಿ ಬಂದವರು ಯಾರಾದರೂ ಹೇಳದೆ ಕೇಳದೆ ಒಳಗೆ ಬಂದರೆ ಎಲೆ ಹಾಕಬೇಕಲ್ಲ ಎಂದು ಎರಡು ಹಿಡಿ ಅಕ್ಕಿ ಹೆಚ್ಚಿಗೆ ಹಾಕುವುದು ಹಿಂದಿನಿಂದ ಬಂದ ಪದ್ಧತಿ. ಈಗ ಘಾಟಿ ಹತ್ತಿ ಬಂದವರು ಕೊಟ್ಟಿಗೆಹಾರದ ಹೋಟೆಲಿನಲ್ಲಿ ನೀರುದೋಸೆ ತಿಂದು, ಮಂಜಿನಲ್ಲೊಂದು ಸೆಲ್ಫಿ ತೆಗೆದುಕೊಂಡು ಹೋಗಿಬಿಡುತ್ತಾರೆ. ನೆಂಟರು ನಿಂತರು, ಎರಡು ಹಿಡಿ ಅಕ್ಕಿ ನಿಲ್ಲಲಿಲ್ಲ. ಬೆಳಗಾದರೆ ನಮ್ಮ ಅಡುಗೆಮನೆಯಲ್ಲಿ ಬಾರದ ನೆಂಟರ ಪಾಲಿನ ಅನ್ನ ಕೂತಿರುತ್ತದೆ.

ಆ ಅನ್ನ ಕಂಡಿದ್ದೇ ತಡ, ಬೆಂಗಳೂರಿನಿಂದ ವರ್ಕ್ ಫ್ರಮ್ ಹೋಮ್ ಎಂದು ಬಂದು ನಮ್ಮಲ್ಲಿ ಠಿಕಾಣಿ ಹೂಡಿದ್ದ ಅಕ್ಕನ ಮಗನಿಗೆ ಜ್ಞಾನೋದಯವಾಯಿತು. "ಮಾವ, 2022ರಲ್ಲಿ ಜಗತ್ತಿನಲ್ಲಿ ದಂಡವಾದ ಆಹಾರ 105 ಕೋಟಿ ಟನ್. ವಿಶ್ವಸಂಸ್ಥೆಯ ಲೆಕ್ಕ. ಅದರಲ್ಲಿ ಶೇ. 60 ಮನೆಗಳದ್ದೇ" ಎಂದ. ನಮ್ಮನೆಯ ತಪ್ಪಲೆಯನ್ನೇ ದಿಟ್ಟಿಸುತ್ತಾ ಹೇಳಿದ್ದರಿಂದ ಅಷ್ಟೂ ಟನ್ನಿಗೆ ನಾವೇ ಜವಾಬ್ದಾರರೇನೋ ಅನ್ನಿಸಿತು. ಅವನ ಅತ್ತೆ ಏನೋ ಹೇಳಲು ಬಾಯಿ ತೆರೆದವಳು ಸುಮ್ಮನಾದಳು. ಅವನು ಆಗಷ್ಟೇ ನಾಲಿಗೆ ಚಪ್ಪರಿಸಿ ಮುಗಿಸಿದ್ದ ಅಕ್ಕಿ ರೊಟ್ಟಿಯೊಳಗೆ ನಿನ್ನೆಯ ಅನ್ನವಿತ್ತು.

ಅವನ ಯೋಜನೆ ಸರಳ. ಮನೆಯಲ್ಲಿ ಮಿಕ್ಕಿದ್ದನ್ನೆಲ್ಲ ಬರೆದು ಗುಂಡಿ ಒತ್ತಿದರೆ ಎಐ ಅದರಿಂದ ಅಡುಗೆ ಹೇಳಿಕೊಡುವ ವೆಬ್‌ಸೈಟು. ಅದೂ ಕನ್ನಡದಲ್ಲಿ. ಕಂಪ್ಯೂಟರಿಗೆ ಕನ್ನಡದ ತಂತ್ರಾಂಶ ಬೇಕೆಂದು ಆ ಕಾಲಕ್ಕೇ ಹಟ ಹಿಡಿದಿದ್ದ ಸಾಹಿತಿ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ ಇರುವ ಊರಿನಲ್ಲಿ ಕೂತು ಇಂಗ್ಲಿಷಿನಲ್ಲಿ ಮಾಡುವುದು ಮರ್ಯಾದೆಯಲ್ಲವಂತೆ. ಕೆಲಸ ಬೇಗ ಮುಗಿಯಿತು. ಪುಟ ಇವನದು, ಬುದ್ಧಿ ಬಾಡಿಗೆಯದು. ಆ ಬುದ್ಧಿಯೂ ಒಲೆ ಮುಂದೆ ಬಂದದ್ದಲ್ಲ. ರಾಶಿ ರಾಶಿ ಬರಹ ಓದಿ, ಒಂದು ಪದದ ನಂತರ ಯಾವ ಪದ ಬಂದೀತು ಎಂದು ಊಹಿಸಲು ಕಲಿತದ್ದು. 'ಒಗ್ಗರಣೆಗೆ' ಎಂದರೆ 'ಸಾಸಿವೆ' ಎನ್ನುತ್ತದೆ. ಸಾಸಿವೆ ಸಿಡಿದು ಮುಖಕ್ಕೆ ಹಾರಿದ್ದು ಅದಕ್ಕೆ ಗೊತ್ತಿಲ್ಲ.

"ಅತ್ತೆ, ಏನೇನಿದೆ ಹೇಳಿ" ಎಂದು ಪರೀಕ್ಷೆಗೆ ಕೂತ. ಮಳೆಗಾಲದ ಅಡುಗೆಮನೆಯಲ್ಲಿ ಅರ್ಧ ಕಳಲೆ, ಪತ್ರೊಡೆಗೆ ತಂದು ಉಳಿದ ನಾಲ್ಕು ಕೆಸುವಿನ ಎಲೆ, ರಾತ್ರಿಯ ಸಾರು ಇತ್ತು. ಕ್ಷಣಮಾತ್ರದಲ್ಲಿ ಉತ್ತರ ಬಂತು: ಕಳಲೆ ಹೆಚ್ಚಿ 15 ನಿಮಿಷ ಹುರಿಯಿರಿ, ಸಾರು ಬೆರೆಸಿ, ಮೇಲೆ ಹಸಿ ಕೆಸುವಿನ ಎಲೆಯ ಚೂರು ಉದುರಿಸಿ ಅಲಂಕರಿಸಿ.

"ಆಮೇಲೆ ಆಸ್ಪತ್ರೆ ಮಂಚಕ್ಕೂ ಅಲಂಕಾರ ಮಾಡ್ಬೇಕಾಗುತ್ತೆ ಮಾರಾಯ" ಎಂದಳು ಅತ್ತೆ. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಹೆಚ್ಚಿ ನೀರಿಗೆ ಹಾಕಿ, ದಿನವೂ ನೀರು ಬದಲಿಸಿ, ಎರಡು ಮೂರು ದಿನದ ಮೇಲೆ ಬೇಯಿಸಿದರೇ ಅದು ಉಣ್ಣುವ ಪದಾರ್ಥ. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳಿವೆ. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲು ಕೆರೆದುಕೊಳ್ಳಬೇಕು. ನನ್ನವಳಿಗೆ ಈ ರಸಾಯನಶಾಸ್ತ್ರ ಗೊತ್ತಿಲ್ಲ. ಅವಳಿಗೆ ಗೊತ್ತಿರುವುದು ಅವಳ ಅಜ್ಜಿಯ ಬೈಗುಳ.

ಹುಡುಗ ಸೋಲಲಿಲ್ಲ. ದೊಡ್ಡವರದ್ದೂ ಇದೇ ಕತೆ ಎಂದ. ನ್ಯೂಜಿಲೆಂಡಿನ ಪ್ಯಾಕ್‌ನ್‌ಸೇವ್ ಎಂಬ ಸೂಪರ್‌ಮಾರ್ಕೆಟ್ 2023ರಲ್ಲಿ ಇಂಥದ್ದೇ ಬಾಟ್ ಬಿಟ್ಟಿತ್ತು. ಯಾರೋ ಕಿಲಾಡಿಗಳು ಮನೆಯಲ್ಲಿ ಉಳಿದದ್ದು ಬ್ಲೀಚು, ಅಮೋನಿಯಾ, ನೀರು ಎಂದು ಬರೆದರು. ಅದು ವಿಷಾನಿಲ ಏಳುವ ಮಿಶ್ರಣವನ್ನು ಹೇಳಿಕೊಟ್ಟು, ಅದಕ್ಕೆ ಸುವಾಸನೆಯ ನೀರು ಎಂಬರ್ಥದ ಹೆಸರಿಟ್ಟು, ದಾಹಕ್ಕೆ ಒಳ್ಳೆಯದೆಂದು ಶಿಫಾರಸು ಬೇರೆ ಮಾಡಿತ್ತು.

"ಅದೂ ಒಳ್ಳೆ ಉಪಾಯವೇ" ಎಂದಳು ಇವಳು. "ಉಣ್ಣೋರೇ ಇಲ್ಲದಿದ್ರೆ ಮಿಗೋ ಪ್ರಶ್ನೆ ಎಲ್ಲಿ?"

ಅವನು ಕಳಲೆ, ಕೆಸುವಿಗೆಲ್ಲ ಎಚ್ಚರಿಕೆ ಬರೆದು ಸೇರಿಸಿದ. ಕರೆಂಟು ಹೋದಾಗ ಫ್ರಿಜ್ಜಿನದ್ದೆಲ್ಲ ಅವತ್ತೇ ಖರ್ಚಾಗಬೇಕು, ಆಗ ನೆಟ್‌ವರ್ಕೂ ಇರುವುದಿಲ್ಲ ಎಂಬುದಕ್ಕೆ ಮಾತ್ರ ಅವನಲ್ಲಿ ಪರಿಹಾರವಿರಲಿಲ್ಲ. ಆದರೆ ನಿಜವಾದ ಅನಾಹುತ ಇದ್ದದ್ದು ಅಡುಗೆಯ ಹೆಸರುಗಳಲ್ಲಿ. 'ನಿನ್ನೆಯ ಅನ್ನದ ರೊಟ್ಟಿ', 'ಮಿಕ್ಕ ಇಡ್ಲಿಯ ಉಪ್ಪಿಟ್ಟು', 'ಹಳೇ ಸಾರಿನ ಗೊಜ್ಜು'! ಇವೆಲ್ಲ ನಮ್ಮಲ್ಲಿ ಎಂದಿನಿಂದಲೂ ನಡೆದಿವೆ. ದಾಳಿಂಬೆ ಸಿಪ್ಪೆ ತಂಬುಳಿಯಾಗುತ್ತದೆ, ಕಿತ್ತಳೆ ಸಿಪ್ಪೆ ಗೊಜ್ಜಾಗುತ್ತದೆ, ಕಲ್ಲಂಗಡಿಯ ಬಿಳಿ ಭಾಗ ದೋಸೆಯಾಗುತ್ತದೆ. ಆದರೆ ಬಾಯಿಬಿಟ್ಟು ಹೇಳುವ ಕ್ರಮವಿಲ್ಲ. ಮಿಕ್ಕಿದ್ದರ ಅಡುಗೆಯಲ್ಲಿ ಅರ್ಧ ಕೈಗುಣ, ಇನ್ನರ್ಧ ಗುಟ್ಟು. ತಂಗಳು ಮುಟ್ಟುವುದಿಲ್ಲವೆಂದು ಊರಿಗೆಲ್ಲ ಹೇಳಿಕೊಳ್ಳುವ ನಮ್ಮಪ್ಪ, ಸೊಸೆಯ ಕೈಯ ರೊಟ್ಟಿ ಇಷ್ಟು ಮೆತ್ತಗೆ ಹೇಗಾಗುತ್ತದೆಂದು ವರ್ಷಗಟ್ಟಲೆ ಮೆಚ್ಚಿಕೊಂಡು ಬಂದಿದ್ದಾರೆ.

ಹುಡುಗ ಹೆಮ್ಮೆಯಿಂದ ಫೋನನ್ನು ಅಜ್ಜನ ಕೈಗೇ ಕೊಟ್ಟ. ಅಪ್ಪ ಕನ್ನಡಕ ಏರಿಸಿ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. "ರೊಟ್ಟಿಗೆ ಅನ್ನ ಹಾಕಿದ್ರೆ ಮೆತ್ತಗಾಗುತ್ತಂತೆ" ಎಂದು ಸೊಸೆಯ ಕಡೆ ನೋಡಿದರು. ಆ ರಾತ್ರಿ ಅವರು ಎರಡೇ ರೊಟ್ಟಿಗೆ ಕೈ ತೊಳೆದರು.

ಮರುದಿನ ಅವಳು ಹುಡುಗನನ್ನು ಕೂರಿಸಿಕೊಂಡು ಹೊಸದೊಂದು ಗುಂಡಿ ಮಾಡಿಸಿದಳು: 'ಹೆಸರು ಬದಲಿಸು'. ಎಐಯ ನಿಜವಾದ ಪ್ರತಿಭೆ ಬೆಳಕಿಗೆ ಬಂದದ್ದೇ ಆಗ. ವಿಷಾನಿಲವನ್ನೇ ಸುವಾಸನೆಯ ನೀರು ಎಂದ ಜಾತಿಗೆ ತಂಗಳು ಯಾವ ಲೆಕ್ಕ? ಮಿಕ್ಕ ಚಪಾತಿಯ ಒಗ್ಗರಣೆ 'ಗೋಧಿ ಪದರ ಮಸಾಲಾ' ಆಯಿತು. ಹಳೇ ಸಾರಿನ ಗೊಜ್ಜು 'ಮಂದಾಗ್ನಿ ರಸಪಾಕ'ವಾಗಿ ಎಲೆಗೆ ಬಂತು. ಅಪ್ಪ ಬೆರಳು ನೆಕ್ಕಿ, "ಇದು ಹೊಸ ಅಡುಗೆಯೇನಮ್ಮಾ?" ಎಂದರು.

"ಹೌದು ಮಾವ, ಕಂಪ್ಯೂಟರ್ ಹೇಳಿದ್ದು" ಎಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.