ಬಾಲ್ಕನಿ ಬೇಸಾಯ

ಆಡಿಟರ್: ರಾಯರೇ, ಕೃಷಿ ಆದಾಯ 30 ಲಕ್ಷ ಅಂತ ಬರೆದಿದ್ದೀರಿ. ಜಮೀನೆಲ್ಲಿ?

ರಾಯರು: ಜಯನಗರದ ಬಾಲ್ಕನಿಯಲ್ಲಿ. ಒಂದು ತುಳಸಿ, ಎರಡು ದೊಡ್ಡಪತ್ರೆ. (ಬರ ಬಂದರೂ ಇಳುವರಿ ತಪ್ಪಿಲ್ಲ!)

ಆಡಿಟರ್: ಮತ್ತೆ ಏಳು ಮನೆ ಬಾಡಿಗೆ?

ರಾಯರು: ಅದೂ ಫಸಲೇ ತಾನೇ? ತಿಂಗಳಿಗೊಂದು ಕಟಾವು.

ಆಡಿಟರ್: ಬಾಡಿಗೆಯವರು ಎಚ್‌ಆರ್‌ಎಗೆ ನಿಮ್ಮ ಪ್ಯಾನ್ ನಂಬರು ಕೊಟ್ಟಿದ್ದಾರೆ. ಎಫ್‌ಡಿ ಬಡ್ಡಿಯೂ ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿ ಎಐಎಸ್‌ನಲ್ಲಿ ಬಂದು ಕೂತಿದೆ.

ರಾಯರು: ಅಯ್ಯೋ! ಎಫ್‌ಡಿ ವಿಷಯ ನಮ್ಮನೆಯವಳಿಗೇ ಹೇಳಿಲ್ಲ, ಇವರಿಗೆ ಹೇಳಿದ್ಯಾರು?

ಆಡಿಟರ್: ಬೇಕಂತಲೇ ಸುಳ್ಳು ಲೆಕ್ಕ ಕೊಟ್ಟರೆ, ಮುಚ್ಚಿಟ್ಟ ಆದಾಯದ ತೆರಿಗೆಗೆ ಶೇ 200 ದಂಡ. ತೆರಿಗೆ, ಬಡ್ಡಿ ಬೇರೆ.

ರಾಯರು: ಇನ್ನೂರು ಪರ್ಸೆಂಟಾ? ಅಷ್ಟು ನನ್ನ ಚೀಟಿ ವ್ಯವಹಾರದಲ್ಲೂ ಗಿಟ್ಟಲ್ವಲ್ರೀ!

ಆಡಿಟರ್: ಚೀಟಿನೂ ಇದೆಯಾ?

ರಾಯರು: ಛೆ ಛೆ... ಅದು ದೊಡ್ಡಪತ್ರೆ ಕುಂಡಕ್ಕೆ ಅಂಟಿಸಿದ ಚೀಟಿ!